ಕುಮಾರಿಗೆ ನಾನು ಹೇಳಿದ ಕ್ಯಾಮೆರಾ

೧೫ ನವೆಂಬರ್ ೧೯೯೮, ಭಾನುವಾರ

ಕುಮಾರಿ ಬಂದು ಹೋದಳು. ನಮ್ಮನೆಯವರ ಅಕ್ಕ ಮರಿತಾಯಮ್ಮನ ಮಗಳು, ಉಡಿಗಾಲದವಳು. ಮೈಸೂರಿನಲ್ಲಿ ಆರು ತಿಂಗಳ ಫೋಟೋಗ್ರಫಿ ತರಬೇತಿ ಮುಗಿಸಿದ್ದಾಳೆ. ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಿಂದ ಹುಷಾರಾಗಿ ತೆಗೆದು ನನ್ನ ಕೈಗೆ ಕೊಟ್ಟು, ನಾನು ಪೂರ್ತಿ ಓದುವವರೆಗೂ ಪಕ್ಕದಲ್ಲೇ ನಿಂತಿದ್ದಳು. ನನ್ನ ಹತ್ತಿರ ಇಂಥ ಕಾಗದ ಒಂದೂ ಇಲ್ಲ. ಹನ್ನೆರಡು ವರ್ಷದಿಂದ ಗುಂಡ್ಲುಪೇಟೆಯಲ್ಲಿ ಸ್ಟುಡಿಯೋ ನಡೆಸುತ್ತಿದ್ದೇನೆ, ಯಾರೂ ಕೇಳಿಲ್ಲ.

“ಚಾಮರಾಜನಗರದಲ್ಲಿ ಅಂಗಡಿ ನೋಡಿವ್ನಿ ಅತ್ತೆ,” ಅಂದಳು. “ಚಿಕ್ಕಂಗಡಿ ಬೀದೀಲಿ. ಸಂಕ್ರಾಂತಿ ಕಳುದ್ ಮೇಲೆ ಸುರು ಮಾಡನ ಅಂತ. ಅಪ್ಪ ಒಂದು ಕ್ಯಾಮೆರಾ ಕೊಡುಸ್ತೀನಿ ಅಂದದೆ. ಒಂದೇ ಒಂದು. ಯಾವ್ದು ತಗೊಳ್ಳದು ಅಂತ ನೀವೇ ಏಳ್ಬೇಕು.”

ಅವಳಪ್ಪ ಮಾದೇವಣ್ಣ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಮಗಳಿಗಾಗಿ ಎಷ್ಟು ದಿನದಿಂದ ಕೂಡಿಟ್ಟಿದ್ದರೋ.

ಕಳೆದ ವರ್ಷ ಚಾಮರಾಜನಗರ ಜಿಲ್ಲೆಯಾದಾಗ ಅದೇ ಬೀದಿಯಲ್ಲಿ ನಾನೂ ಒಂದು ಅಂಗಡಿ ನೋಡಿ ಬಂದಿದ್ದೆ. ಕಚೇರಿಗಳೆಲ್ಲ ಬರುತ್ತವೆ, ಒಂದೊಂದು ಅರ್ಜಿಗೂ ಫೋಟೋ ಬೇಕಾಗುತ್ತದೆ ಅಂತ ಆಸೆಪಟ್ಟಿದ್ದೆ. “ಇರದೊಂದ ನೆಟ್ಗೆ ನೋಡ್ಕ ಮಣಿ,” ಅಂದರು ನಮ್ಮನೆಯವರು. ಸುಮ್ಮನಾದೆ. ಇದು ಕುಮಾರಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ.

ಎರಡು ತಾಲ್ಲೂಕಿಗೆ ಹೆಂಗಸು ಫೋಟೋಗ್ರಾಫರ್ ಅಂದರೆ ನಾನೊಬ್ಬಳೇ. ಸೀಮಂತಕ್ಕೆ, ಹೆಣ್ಣುಮಕ್ಕಳು ದೊಡ್ಡವರಾದಾಗ ಮಾಡುವ ಆರತಿಗೆ, ಗಂಡಸರನ್ನು ಒಳಗೆ ಬಿಡದ ಎಲ್ಲ ಕಡೆಗೂ ‘ನಾಗಮಣಿಯಮ್ಮನ ಕರೀರಿ’ ಅನ್ನುತ್ತಾರೆ. ಇನ್ನು ಮೇಲೆ ಇಬ್ಬರಾಗುತ್ತೇವೆ, ಅಷ್ಟೇ. ನನಗೇನು ಹೊಟ್ಟೆಕಿಚ್ಚಿಲ್ಲ. ಮನೆಯ ಮಗು ಮುಂದೆ ಬಂದರೆ ಯಾರಿಗೆ ಬೇಡ?

೨೪ ನವೆಂಬರ್, ಮಂಗಳವಾರ

ಕುಮಾರಿಯ ಜೊತೆ ಮೈಸೂರಿಗೆ ಹೋಗಿದ್ದೆ. ಅಂಗಡಿಯವನು ಎಸ್.ಎಲ್.ಆರ್. ಕ್ಯಾಮೆರಾ ತೆಗೆದು ಅವಳ ಕೈಗೆ ಕೊಟ್ಟ. ಅವಳು ನೋಡಿ ನನಗೆ ಕೊಟ್ಟಳು.

ನನ್ನದು ಹಳೆಯ ಯಾಶಿಕಾ, ರೇಂಜ್‌ಫೈಂಡರ್. ಅದರಲ್ಲಿ ಮೂಲೆಯ ಒಂದು ಕಿಂಡಿಯಲ್ಲಿ ನೋಡಬೇಕು. ನಡುವೆ ಒಂದು ಹಳದಿ ಚೌಕ ಇರುತ್ತದೆ, ಅದರೊಳಗೆ ಮುಖ ಎರಡೆರಡಾಗಿ ಕಾಣುತ್ತದೆ. ಲೆನ್ಸು ತಿರುಗಿಸುತ್ತ ಎರಡೂ ಒಂದಾಗುವಂತೆ ಮಾಡಿದರೆ ಫೋಕಸ್ಸು. ಹನ್ನೆರಡು ವರ್ಷದಿಂದ ನಾನು ಜಗತ್ತನ್ನು ನೋಡಿದ್ದು ಹಾಗೆ. ಇದರಲ್ಲಿ ಹಾಗಲ್ಲ. ಲೆನ್ಸು ಏನು ನೋಡುತ್ತದೋ ಅದನ್ನೇ ನಾನೂ ನೋಡಿದೆ. ಎದುರು ಬಾಗಿಲಲ್ಲಿ ನಿಂತಿದ್ದ ಹೂವಿನವಳ ಮುಖ ಮಸುಕಿನಿಂದ ನಿಧಾನಕ್ಕೆ ಎದ್ದು ಬಂತು, ಅವಳ ಹಿಂದಿನ ರಸ್ತೆಯೆಲ್ಲ ಕರಗಿ ಹೋಯಿತು. ಕೆಳಗಿಡಲು ಮನಸ್ಸಾಗಲಿಲ್ಲ.

“ಎಂಗದೆ ಅತ್ತೆ?”

“ಭಾರ,” ಅಂದೆ.

ಆಮೇಲೆ ಕಲರ್ ಲ್ಯಾಬಿಗೆ ಹೋದೆವು. ಲ್ಯಾಬಿನ ಚಿಕ್ಕಬಸವಯ್ಯನವರು ಹತ್ತು ವರ್ಷದಿಂದ ನನ್ನ ರೋಲು ತೊಳೆದು ಪ್ರಿಂಟು ಹಾಕಿಕೊಡುವವರು. ಕುಮಾರಿ ಎದುರಿನ ಅಂಗಡಿಗೆ ಬಳೆ ನೋಡಲು ಹೋಗಿದ್ದಾಗ, ಫಿಲ್ಮೇ ಬೇಡದ ಡಿಜಿಟಲ್ ಕ್ಯಾಮೆರಾ ಬಂದಿದೆಯಂತಲ್ಲ, ಹೇಗೆ ಅಂತ ಕೇಳಿದೆ.

“ಕಂಪ್ಯೂಟರಲ್ಲಿ ನೋಡಕ್ಕೆ ಚೆನ್ನಾಗದೆ ಕಣಮ್ಮ. ಪೋಸ್ಟ್‌ಕಾರ್ಡಿಗಿಂತ ದೊಡ್ಡದು ಮಾಡಕ್ಕೋದ್ರೆ ಮುಖವೆಲ್ಲ ಚೌಕ ಚೌಕವಾಗಿ ಒಡ್ಕತದೆ. ಮದುವೆ ಆಲ್ಬಂಗೆ ಬರಲ್ಲ. ಹತ್ತು ವರ್ಷ ಹೋಗ್ಲಿ, ಆಮೇಲೆ ನೋಡನ.”

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕುಮಾರಿ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದಳು. ಹೂವಿನವಳ ಮುಖ ಇನ್ನೂ ಕಣ್ಣಲ್ಲಿದೆ.

೨೯ ನವೆಂಬರ್, ಭಾನುವಾರ

ಗಡಿಯಾಚೆಯ ಬತ್ತೇರಿ ಕಡೆಯವರೊಬ್ಬರು ದುಬೈಯಿಂದ ತಂದ ಡಿಜಿಟಲ್ ಕ್ಯಾಮೆರಾವನ್ನು ಮಾರಬೇಕಂತೆ. ಸ್ಟುಡಿಯೋಕ್ಕೇ ತಂದು ತೋರಿಸಿದರು. ಕುಮಾರಿಯೂ ಬಂದಿದ್ದಳು. ಇಟ್ಟಿಗೆಯಷ್ಟು ದಪ್ಪ. ಫಿಲ್ಮಿಲ್ಲ, ಕಂಪ್ಯೂಟರಿನ ಫ್ಲಾಪಿ ಹಾಕಬೇಕು. ಬೆನ್ನಿಗೆ ಪುಟ್ಟ ಟಿ.ವಿ. ಇದ್ದ ಹಾಗೆ ಇದೆ. ಅವರು ನಮ್ಮಿಬ್ಬರ ಫೋಟೋ ತೆಗೆದು ತಿರುಗಿಸಿದರೆ, ಅದರಲ್ಲಿ ನಾವಿಬ್ಬರೂ ಇದ್ದೆವು. ಕುಮಾರಿ “ಅಯ್ಯೋ!” ಅಂತ ಕೈತಟ್ಟಿದಳು. ನಾನು ನನ್ನ ಮುಖ ನೋಡಿಕೊಂಡೆ. ಏನೂ ಚೆನ್ನಾಗಿರಲಿಲ್ಲ.

ಅವರು ಹೋದ ಮೇಲೆ ಕೇಳಿದಳು: “ಈಗೇಳಿ ಅತ್ತೆ. ನಿಮ್ದರಂಗೆ ಇರದಾ, ಮೈಸೂರಲ್ಲಿ ನೋಡಿದ್ ಎಸ್.ಎಲ್.ಆರ್.ಆ, ಇದಾ? ನನ್ ಮನ್ಸು ಎಸ್.ಎಲ್.ಆರ್. ಮ್ಯಾಲದೆ. ಆದ್ರೂ ನೀವು ಏಳ್ದಂಗೆ ಮಾಡ್ತೀನಿ.”

ನಾನು ಮೇಜಿನ ಮೇಲಿನ ಕತ್ತರಿ ಎತ್ತಿಟ್ಟೆ. ಕವರುಗಳನ್ನು ಜೋಡಿಸಿದೆ. ಆಮೇಲೆ ಹೇಳಿದೆ. ನನ್ನದರಂಥದ್ದು ಹಳೆಯ ಕಾಲದ್ದು, ಅದು ಬೇಡ. ಎಸ್.ಎಲ್.ಆರ್. ಭಾರ, ದಿನವಿಡೀ ಕುತ್ತಿಗೆಗೆ ಹಾಕಿಕೊಂಡರೆ ನೋವು ಬರುತ್ತದೆ. ಮುಂದೆ ಎಲ್ಲಾ ಡಿಜಿಟಲ್ಲೇ ಆಗುತ್ತದೆ. ಈ ಜಿಲ್ಲೆಯಲ್ಲಿ ಯಾರ ಹತ್ತಿರವೂ ಇಲ್ಲದ್ದು ನಿನ್ನ ಹತ್ತಿರ ಇದ್ದರೆ ಜನ ತಾವಾಗೇ ಹುಡುಕಿಕೊಂಡು ಬರುತ್ತಾರೆ. ಫಿಲ್ಮಿನ ಖರ್ಚಿಲ್ಲ, ಕತ್ತಲೆ ಕೋಣೆ ಬೇಡ.

“ಮದ್ವೆಗೆಲ್ಲ ಆದದಾ ಅತ್ತೆ?”

“ಯಾಕಾಗಲ್ಲ, ಕೈ ಪಳಗಿದ್ರೆ ಎಲ್ಲಾ ಆಗುತ್ತೆ.”

ಇದರಲ್ಲಿ ಸುಳ್ಳು ಯಾವುದು? ಎಸ್.ಎಲ್.ಆರ್. ಭಾರವಿರುವುದು ನಿಜ. ಮುಂದೆ ಡಿಜಿಟಲ್ ಬರುತ್ತದೆ ಅಂತ ಚಿಕ್ಕಬಸವಯ್ಯನವರೇ ಹೇಳಿದ್ದಾರೆ. ಹತ್ತು ವರ್ಷ ಅಂದರು, ನಾನು ಹತ್ತು ಅನ್ನಲಿಲ್ಲ, ಅಷ್ಟೇ. ಕೇಳಿದ್ದು ಅವಳು. ತೀರ್ಮಾನ ಅವಳದೇ.

೬ ಡಿಸೆಂಬರ್, ಭಾನುವಾರ

ಕೊಂಡಳು. ನನಗೆ ತೋರಿಸಲೆಂದೇ ಉಡಿಗಾಲದಿಂದ ಬಂದಳು. ಕಾಲಿಗೆ ಬಿದ್ದಳು. “ನೀವ್ ಇಲ್ದಿದ್ರೆ ನಾನು ಅದೇ ಎಸ್.ಎಲ್.ಆರ್. ತಗಬುಡ್ತಿದ್ದಿ ಅತ್ತೆ,” ಅಂದಳು.

ತಲೆನೋವು. ಬೇಗ ಬಾಗಿಲು ಹಾಕಿದೆ.

೧೮ ಡಿಸೆಂಬರ್, ಶುಕ್ರವಾರ

ಪಾಸ್‌ಪೋರ್ಟ್ ಫೋಟೋ ಹದಿನಾಲ್ಕು. ಮೈಸೂರಿನ ಆ ಅಂಗಡಿಯವನು ಎಸ್.ಎಲ್.ಆರ್. ಅನ್ನು ಯಾರಿಗೆ ಮಾರಿದನೋ.

೨೦ ಜನವರಿ ೧೯೯೯, ಬುಧವಾರ

ಕುಮಾರಿಯ ಸ್ಟುಡಿಯೋ ಶುರುವಾಯಿತು. ಪೂಜೆಗೆ ಹೋಗಿದ್ದೆ. ನಾನು ನೋಡಿ ಬಂದಿದ್ದ ಅಂಗಡಿಯಿಂದ ಮೂರನೇ ಬಾಗಿಲು. ಹೊಸ ಬಣ್ಣ ಬಳಿದಿದ್ದಾರೆ. ಬೋರ್ಡಿನ ಅಕ್ಷರ ದೊಡ್ಡದಾಯಿತು ಅನ್ನಿಸಿತು.

ಬಂದ ಹೆಂಗಸರನ್ನೆಲ್ಲ ಅವಳು ಒಬ್ಬೊಬ್ಬರಾಗಿ ಕೂರಿಸಿ ಫೋಟೋ ತೆಗೆದು ತೋರಿಸುತ್ತಿದ್ದಳು. ಪುಣಜನೂರಿನಿಂದ ಬಂದಿದ್ದ ಒಬ್ಬ ಮುದುಕಿ ಪರದೆಯಲ್ಲಿ ತಮ್ಮ ಮುಖ ನೋಡಿ ಸೆರಗಿನಿಂದ ಅದನ್ನು ಒರೆಸಿ ಮತ್ತೆ ನೋಡಿದರು. “ನಾನು ಇಷ್ಟು ಮುದ್ಕಿ ಆಗ್ಬುಟ್ಟಿವ್ನಾ?” ಅಂದರು. ಎಲ್ಲರೂ ನಕ್ಕರು. ಆಮೇಲೆ ಅವರಿಗೆ ಇನ್ನೊಂದು ಸಲ ತೆಗೆಯಬೇಕಾಯಿತು, ಹಲ್ಲು ಕಾಣುವ ಹಾಗೆ. ನನ್ನ ಗಿರಾಕಿಗಳು ಹದಿನೈದು ದಿನ ಕಾದು ಫೋಟೋ ನೋಡುತ್ತಾರೆ. ಅಷ್ಟು ಹೊತ್ತಿಗೆ ಅವರ ನಗು ನನಗೆ ಕಾಣುವುದಿಲ್ಲ. ಕವರು ತೆಗೆದುಕೊಂಡು ಹೊರಟಿರುತ್ತಾರೆ.

ನಮ್ಮನೆಯವರು ಗುಂಡ್ಲುಪೇಟೆ–ಚಾಮರಾಜನಗರ ಬಸ್ಸಿನ ಕಂಡಕ್ಟರು. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು. “ಕುಮಾರಿ ಅಂಗ್ಡಿ ಮುಂದೆ ಇವತ್ತು ಹತ್ತು ಜನ ನಿಂತಿದ್ರು ಕಣಮ್ಮಿ. ಕೂಸು ಗಟ್ಟಿಗಿತ್ತಿ.” ಸಾರಿಗೆ ಉಪ್ಪು ಜಾಸ್ತಿಯಾಗಿತ್ತಂತೆ. ಅದನ್ನು ಎರಡು ಸಲ ಹೇಳಿದರು.

೨೮ ಜನವರಿ, ಗುರುವಾರ

ಬೇಗೂರಿನ ಪುಟ್ಟಬಸಮ್ಮ ಬಂದಿದ್ದರು. ಅವರ ಹಿರಿಮಗಳ ಮದುವೆ, ಬಾಣಂತನ, ಮೊಮ್ಮಗನ ನಾಮಕರಣ, ಎಲ್ಲವೂ ನನ್ನ ಕೈಯಲ್ಲೇ ಆದದ್ದು. ಕಿರಿಮಗಳ ಮದುವೆ ಮುಂದಿನ ವಾರವಂತೆ. ಲಗ್ನಪತ್ರಿಕೆ ಕೊಟ್ಟರು. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಪೆನ್ನು ಎತ್ತಿಕೊಂಡೆ.

“ಫೋಟೋಕೆ ನಿಮ್ ಕುಮಾರೀಗೆ ಏಳಿವ್ನಿ ಕಣ್ರವ್ವ,” ಅಂದರು. “ಬೇಜಾರ್ ಮಾಡ್ಕಬ್ಯಾಡಿ. ಆಗ್ಲೇ ತೆಗ್ದು ಆಗ್ಲೇ ತೋರ್ಸ್ತಾಳಂತಲ್ಲ, ಗಂಡಿನ ಕಡೆಯೋರಿಗೆ ಅದೇ ಬೇಕಂತೆ. ನೀವು ಊಟಕ್ಕೆ ಬರ್ಲೇಬೇಕು.”

ಊಟಕ್ಕೆ!

೭ ಫೆಬ್ರವರಿ, ಭಾನುವಾರ

ಬೇಗೂರಿಗೆ ಹೋಗಲಿಲ್ಲ. ಹುಷಾರಿಲ್ಲ ಅಂತ ಹೇಳಿ ಕಳಿಸಿದೆ. ಬೆಳಗಿನಿಂದ ಯಾಶಿಕಾ ಒರೆಸುತ್ತ ಕೂತಿದ್ದೆ. ಮುಹೂರ್ತದ ಹೊತ್ತಿಗೆ ಗಡಿಯಾರ ನೋಡಿದೆ. ತಾಳಿ ಕಟ್ಟುವಾಗ ಎಡಗಡೆ ನಿಲ್ಲಬೇಕು, ಬಲಗಡೆ ನಿಂತರೆ ಪುರೋಹಿತರ ಕೈ ಅಡ್ಡ ಬರುತ್ತದೆ. ಅದನ್ನು ಅವಳಿಗೆ ಯಾರು ಹೇಳಿಕೊಟ್ಟಿರುತ್ತಾರೆ? ತರಬೇತಿಯಲ್ಲಿ ಹೇಳಿಕೊಟ್ಟಿರುವುದಿಲ್ಲ.

ಗೊತ್ತಿಲ್ಲದಿದ್ದರೆ ಒಳ್ಳೆಯದೇ ಆಯಿತು.

೨೦ ಫೆಬ್ರವರಿ, ಶನಿವಾರ

ಮಧ್ಯಾಹ್ನ ಕುಮಾರಿ ಬಂದಳು. ಕಣ್ಣು ಊದಿತ್ತು. ಕೈಯಲ್ಲಿದ್ದ ಚೀಲವನ್ನು ಮೇಜಿನ ಮೇಲೆ ಸುರಿದಳು. ಬೇಗೂರಿನ ಮದುವೆ. ಮೈಸೂರಿನ ಕಂಪ್ಯೂಟರ್ ಸೆಂಟರಿನಲ್ಲಿ ಆಲ್ಬಂ ಗಾತ್ರಕ್ಕೆ ದೊಡ್ಡದು ಮಾಡಿಸಿದ್ದಾಳೆ. ಚಿಕ್ಕಬಸವಯ್ಯನವರು ಹೇಳಿದ ಹಾಗೇ ಆಗಿತ್ತು. ಮದುಮಗಳ ಕೆನ್ನೆ ನೆಲಕ್ಕೆ ಹಾಸಿದ ಕಲ್ಲಿನಂತೆ ಚೌಕ ಚೌಕ. ಬಾಸಿಂಗ ಎಲ್ಲಿ ಮುಗಿಯಿತು, ಹಣೆ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ತಾಳಿ ಕಾಣುವುದೇ ಇಲ್ಲ.

ಎಡಗಡೆಯೇ ನಿಂತಿದ್ದಳು. ಅದನ್ನು ನೋಡಿದೆ.

“ಪುಟ್ಟಬಸಮ್ಮೋರು ಮನೆ ಜನದ್ ಮುಂದೆ ನನ್ ಮಕದ ಮ್ಯಾಲೆ ಎಸುದ್ರು ಅತ್ತೆ. ‘ನಮ್ ಮಗಳ ಮಕ ಎಲ್ಲಮ್ಮಿ, ತೋರ್ಸು’ ಅಂದ್ರು. ನನ್ಗೆ ತೆಗ್ಯಕ್ಕೆ ಬರ್ನಿಲ್ಲ. ನಿಮ್ಮಂಗೆ ಕೈ ಪಳಗಿಲ್ಲ. ಒಳ್ಳೆ ಕ್ಯಾಮೆರಾವ ನಾನು ಆಳು ಮಾಡ್ದಿ.”

ನಾನು ಕಾಫಿ ಮಾಡಿ ಕೊಟ್ಟೆ. ಬೆನ್ನು ಸವರಿದೆ. “ಬಿಡು, ಮೊದಲು ಮೊದಲು ಎಲ್ಲರಿಗೂ ಹಾಗೆ ಆಗುತ್ತೆ,” ಅಂದೆ. ಅವಳು ಲೋಟ ಹಿಡಿದುಕೊಂಡು ಇನ್ನಷ್ಟು ಅತ್ತಳು.

ಅವಳು ಹೋದ ಮೇಲೆ ಮುದ್ದೆ ಉಂಡೆ. ಚೆನ್ನಾಗಿ ಹಸಿವಾಗಿತ್ತು. ಎಷ್ಟೋ ದಿನದ ಮೇಲೆ ಮಧ್ಯಾಹ್ನ ನಿದ್ದೆ ಬಂತು.

೨೨ ಫೆಬ್ರವರಿ, ಸೋಮವಾರ

ಕುಮಾರಿ ಒಂದು ಫೋಟೋ ಮೇಜಿನ ಕೆಳಗೆ ಬಿಟ್ಟು ಹೋಗಿದ್ದಾಳೆ. ಧಾರೆ ಎರೆಯುವುದು. ಒಳ್ಳೆಯ ಜಾಗದಿಂದ ತೆಗೆದಿದ್ದಾಳೆ. ಹುಡುಗಿಯ ಅಪ್ಪನ ಕೈ, ಅಮ್ಮನ ಕೈ, ನೀರು. ಆ ಕ್ಷಣ ನನಗೂ ಸಿಗುತ್ತಿತ್ತೋ ಇಲ್ಲವೋ. ಫಿಲ್ಮಿನಲ್ಲಿ ಇದ್ದಿದ್ದರೆ…

ಇದ್ದಿದ್ದರೆ ಏನು? ಕುಮಾರಿಯ ಹೆಸರು ಬೇಗೂರಿನಿಂದ ನಂಜನಗೂಡಿನವರೆಗೂ ಹೋಗುತ್ತಿತ್ತು.

೮ ಮಾರ್ಚ್, ಸೋಮವಾರ

ಏನು ಬರೆಯಲಿ?

ಮಹಿಳಾ ದಿನಾಚರಣೆ ಅಂತ ಚಾಮರಾಜನಗರದಲ್ಲಿ ಮಹಿಳಾ ಸಂಘದವರು ಸಮಾರಂಭ ಇಟ್ಟುಕೊಂಡಿದ್ದರು. ಕುಮಾರಿಗೆ ಸನ್ಮಾನ, ಬರಲೇಬೇಕು ಅಂತ ಅವಳು ಹೇಳಿ ಕಳಿಸಿದ್ದಳು. ಅಲ್ಲಿಗೆ ಹೋದ ಮೇಲೆ ವಿಷಯ ಗೊತ್ತಾಯಿತು. ಹೊಸ ಕಚೇರಿಗಳಲ್ಲಿ ಕಂಪ್ಯೂಟರು ಬಂದಿವೆ. ಅವರಿಗೆ ಫೋಟೋ ಬೇಕಾಗಿರುವುದು ಕಾಗದದಲ್ಲಲ್ಲ, ಫ್ಲಾಪಿಯಲ್ಲಿ. ಜಿಲ್ಲೆಯಲ್ಲೆಲ್ಲ ಹುಡುಕಿದರೆ ಕೊಡುವವಳು ಕುಮಾರಿ ಒಬ್ಬಳೇ. ಹದಿನೈದು ದಿನದಿಂದ ಅವಳಿಗೆ ಬಿಡುವೇ ಇಲ್ಲವಂತೆ. ಬೇಗೂರಿನ ವಿಷಯ ಯಾರಿಗೂ ನೆನಪಿಲ್ಲ.

ಶಾಲು ಹೊದಿಸಿದರು. ಮೈಕು ಕೊಟ್ಟರು. ಕುಮಾರಿಗೆ ಭಾಷಣ ಬರುವುದಿಲ್ಲ.

“ನಾನು ಬ್ಯಾರೆ ಕ್ಯಾಮೆರಾ ತಗಬೇಕು ಅಂತಿದ್ದಿ,” ಅಂದಳು. “ನಮ್ಮತ್ತೆ, ಮುಂದೆ ಬರದೆಲ್ಲಾ ಇದೇ, ಇದ್ನೇ ತಗೊ ಅಂದ್ರು. ಅವ್ರು ಮಾತ್ರ ಇನ್ನೂ ಹಳೇದ್ರಲ್ಲೇ ತೆಗೀತಾರೆ. ನನ್ಗೆ ಒಸಾದು ಕೊಡುಸುದ್ರು. ಈ ಶಾಲು ಅವ್ರಿಗೆ ಸೇರ್ಬೇಕು. ಅತ್ತೆ, ಎದ್ದೇಳಿ.”

ನಾನು ಏಳಲಿಲ್ಲ. ಪಕ್ಕದಲ್ಲಿದ್ದ ಸಂಘದ ಯಶೋದಮ್ಮ ತೋಳು ಹಿಡಿದು ಎಬ್ಬಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕುಮಾರಿ ವೇದಿಕೆಯಿಂದ ಇಳಿದು ಬಂದು ಶಾಲನ್ನು ನನ್ನ ಹೆಗಲ ಮೇಲೆ ಹಾಕಿದಳು. ಮರಿತಾಯಮ್ಮ ಅತ್ತಿಗೆ ಎರಡನೇ ಸಾಲಿನಲ್ಲಿ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಬೀಳಲಿ ಅಂತ ಗುಂಡಿ ತೋಡಿದೆ. ಅದರಲ್ಲಿ ನೀರು ಬಂತು. ಊರೆಲ್ಲ ಈಗ ಬಾವಿ ತೋಡಿದವಳು ಅಂತ ನನ್ನನ್ನು ಹೊಗಳುತ್ತಿದೆ.

ಶಾಲು ಪೆಟ್ಟಿಗೆಯ ತಳಕ್ಕೆ ಹಾಕಿದ್ದೇನೆ.

೯ ಮಾರ್ಚ್, ಮಂಗಳವಾರ

ಸ್ಟುಡಿಯೋ ತೆರೆಯಲಿಲ್ಲ.

೧೪ ಮಾರ್ಚ್, ಭಾನುವಾರ

ನಮ್ಮನೆಯವರಿಗೆ ವಾರದ ರಜ. ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದೆವು. ಇದ್ದಕ್ಕಿದ್ದಂತೆ ಕೇಳಿದರು.

“ಚಿಕ್ಕಬಸವಯ್ಯ ಮೊನ್ನೆ ನಮ್ ಬಸ್ಸತ್ತಿದ್ರು ಕಣಮ್ಮಿ. ‘ನಿಮ್ಮೆಂಗ್ಸರಿಗೆ ನಾನು ಆಗ್ಲೇ ಏಳಿದ್ನಲ್ಲ, ಆ ಡಿಜಿಟಲ್ಲು ಮದ್ವೆಗಾಗಲ್ಲ ಅಂತ. ಆ ಮಗು ಯಾಕ್ ತಗತು?’ ಅಂದ್ರು. ನಿನ್ಗೆ ಏಳಿದ್ರಾ?”

ಕಾಳು ಎಣಿಸುವವಳ ಹಾಗೆ ತಲೆ ಬಗ್ಗಿಸಿಕೊಂಡೇ ಇದ್ದೆ.

“ಏಳಿದ್ರು.”

ಅವರು ಒಂದು ಹಿಡಿ ಕಾಯಿ ಬಿಡಿಸಿದರು. ಬಸ್ಸಿನಲ್ಲಿ ಚಿಲ್ಲರೆಗೆ ಜಗಳವಾಡುವವರು, ಬೈದುಬಿಟ್ಟಿದ್ದರೆ ಚೆನ್ನಾಗಿತ್ತು.

“ಆ ಚಿಕ್ಕಂಗಡಿ ಬೀದಿ ಅಂಗ್ಡಿ, ನಾನು ಬ್ಯಾಡ ಅಂದಿದ್ನಲ್ಲ,” ಅಂದರು ಕೊನೆಗೆ. “ಅವತ್ತು ನಿನ್ಗೆ ಅಷ್ಟು ಆಸೆ ಇತ್ತು ಅಂತ ನನ್ಗೆ ಗೊತ್ತಾಗ್ನಿಲ್ಲ ಮಣಿ. ಆ ಸಿಟ್ಟ ನನ್ ಮ್ಯಾಲೆ ತೀರಿಸ್ಕಬೇಕಿತ್ತು. ಮಗೀನ್ ಮ್ಯಾಲಲ್ಲ.”

ಎದ್ದು ಒಳಗೆ ಬಂದೆ. ಒಲೆ ಮುಂದೆ ಬಹಳ ಹೊತ್ತು ಕೂತಿದ್ದೆ. ಕಣ್ಣಲ್ಲಿ ನೀರು, ಹೊಗೆಯೇನೂ ಇರಲಿಲ್ಲ.

೨೧ ಮಾರ್ಚ್, ಭಾನುವಾರ

ಚಾಮರಾಜನಗರಕ್ಕೆ ಹೋಗಿ ಹೇಳಿಬಿಟ್ಟೆ.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಕುಮಾರಿ ಫ್ಲಾಪಿಗಳಿಗೆ ಚೀಟಿ ಅಂಟಿಸುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು ಕುರ್ಚಿ ಒರೆಸಿದಳು. ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಅಂತ ಗೊತ್ತಿತ್ತು.

“ಆ ಕ್ಯಾಮೆರಾ ಮದುವೆಗೆ ಆಗಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು ಕುಮಾರಿ. ನೀನು ಬಳೆ ನೋಡೋಕೆ ಹೋಗಿದ್ದಾಗ ಚಿಕ್ಕಬಸವಯ್ಯನವರು ಹೇಳಿದ್ದರು. ಗೊತ್ತಿದ್ದೂ ಅದನ್ನೇ ತಗೋ ಅಂದೆ.”

ಅವಳು ನಕ್ಕಳು. ತಮಾಷೆ ಅಂದುಕೊಂಡಿರಬೇಕು. ಆಮೇಲೆ ನನ್ನ ಮುಖ ನೋಡಿದಳು.

“ಯಾಕತ್ತೆ?”

“ಆ ಎಸ್.ಎಲ್.ಆರ್. ಹಿಡ್ಕೊಂಡು ನೀನು ಇಲ್ಲಿ ಕೂತಿರೋದನ್ನ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ.”

ಚೀಟಿ ಅವಳ ಬೆರಳಿಗೇ ಅಂಟಿಕೊಂಡಿತ್ತು. ಅದನ್ನು ಬಿಡಿಸಲು ಬಹಳ ಹೊತ್ತು ತೆಗೆದುಕೊಂಡಳು.

“ಬೇಗೂರಲ್ಲಿ ಆವತ್ತು ಮಕದ್ ಮ್ಯಾಲೆ ಎಸುದ್ರಲ್ಲ, ಆಗ ನಾನು ನಮ್ಮವ್ವನ್ ತಾವ್ಕೂ ಓಗ್ನಿಲ್ಲ. ಸೀದಾ ನಿಮ್ ತಾವ್ಕೆ ಬಂದಿ.” ದನಿ ಎತ್ತರಿಸಲಿಲ್ಲ. “ನೀವು ಕಾಪಿ ಕೊಟ್ರಿ.”

“ಹೂಂ.”

“ನನ್ಗೆ ತೆಗ್ಯಕ್ಕೆ ಬರಲ್ಲ ಅಂತ ನಿಮ್ ಮುಂದೇನೇ ಅತ್ಕಂಡಿ. ಬಿಡು ಎಲ್ಲರ್ಗೂ ಆಯ್ತದೆ ಅಂದ್ರಿ.”

“ಹೂಂ.”

“ಓಗಿ ಅತ್ತೆ. ಗಿರಾಕಿ ಬರೋ ಒತ್ತು.”

ಯಾವ ಗಿರಾಕಿಯೂ ಬರುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿಗೆ ನಡೆದು ಬಂದೆ. ಹೇಳಿದರೆ ಮನಸ್ಸು ಹಗುರವಾಗುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ.

೨ ಏಪ್ರಿಲ್, ಶುಕ್ರವಾರ

ಕುಮಾರಿ ಬಂದಿಲ್ಲ. ಮರಿತಾಯಮ್ಮ ಅತ್ತಿಗೆ ನಮ್ಮನೆಯವರನ್ನು ಬಸ್ಸಿನಲ್ಲೇ ಮಾತಾಡಿಸಿ ಹೋದರಂತೆ. ನನ್ನನ್ನು ಕೇಳಲಿಲ್ಲವಂತೆ. ಬಿಸಿಲು ಜಾಸ್ತಿ. ಅವಳ ಅಂಗಡಿಗೆ ಪಡುವಣ ಬಿಸಿಲು ನೇರವಾಗಿ ಹೊಡೆಯುತ್ತದೆ. ಪರದೆ ಹಾಕಿಸದಿದ್ದರೆ ಫ್ಲಾಪಿ ಕೆಡುತ್ತವೆಯೋ ಏನೋ.

೧೧ ಏಪ್ರಿಲ್, ಭಾನುವಾರ

ಬೇಗೂರಿಗೆ ಹೋದೆ. ಪುಟ್ಟಬಸಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು. ನಿಂತೇ ಹೇಳಿದೆ, ಕೆಟ್ಟದ್ದು ಹುಡುಗಿಯ ಕೈಯಲ್ಲ, ಆ ಕ್ಯಾಮೆರಾ ಆ ಕೆಲಸದ್ದಲ್ಲ, ಗೊತ್ತಿದ್ದೂ ಕೊಳ್ಳಿಸಿದವಳು ನಾನು.

“ನೀವಾ?” ಅಂದರು. ಹುಣಸೆಬೀಜದ ಮೊರವನ್ನು ಪಕ್ಕಕ್ಕೆ ಸರಿಸಿದರು. “ನಾನು ಆ ಕೂಸ್ಗೆ ಏನೇನೋ ಅಂದ್ಬುಟ್ಟೆ ಕಣ್ರವ್ವ.”

“ಗೊತ್ತು.”

“ನನ್ ಮಗಳ ಮದ್ವೆ ಓಯ್ತಲ್ಲ. ಅದ್ನ ಎಲ್ಲಿಂದ ತತ್ತೀರಿ?”

ಮಗಳು ಅಳಿಯ ಬಂದಾಗ ಅದೇ ಸೀರೆ ಉಡಿಸಿ, ಅದೇ ಒಡವೆ ಹಾಕಿಸಿ, ಮನೆಯವರನ್ನೆಲ್ಲ ಕೂರಿಸಿ ತೆಗೆದುಕೊಡುತ್ತೇನೆ, ಅಷ್ಟೇ ನನ್ನ ಕೈಲಾಗುವುದು ಅಂದೆ. ಯೋಚನೆ ಮಾಡಿದರು. ಇಪ್ಪತ್ತೈದಕ್ಕೆ ಬರುತ್ತಾರೆ, ಬನ್ನಿ ಅಂದರು. ನೀರು ಕೊಟ್ಟರು. ಬೆಲ್ಲ ಕೊಡಲಿಲ್ಲ.

೨೫ ಏಪ್ರಿಲ್, ಭಾನುವಾರ

ಬೆಳಿಗ್ಗೆ ಎಂಟಕ್ಕೇ ಬೇಗೂರಿನಲ್ಲಿದ್ದೆ. ಹುಡುಗಿ ಮದುವೆ ಸೀರೆ ಉಟ್ಟು ಬಂದಳು. ಮದುವೆಯಾಗಿ ಎರಡೂವರೆ ತಿಂಗಳು, ಕೆನ್ನೆ ತುಂಬಿಕೊಂಡಿದೆ. ಗಂಡನ ಪೇಟ ಕಿವಿಯ ಮೇಲೆ ಜಾರಿದ್ದನ್ನು ತಾನೇ ಸರಿ ಮಾಡಿ ನಗುತ್ತಿದ್ದಳು. ಮದುವೆ ದಿನ ಇಂಥ ನಗು ಯಾವ ಹುಡುಗಿಯ ಮುಖದಲ್ಲೂ ನಾನು ನೋಡಿಲ್ಲ.

ಕ್ಯಾಮೆರಾ ಎತ್ತಿಕೊಂಡು ತಿರುಗಿದೆ. ಬಾಗಿಲಲ್ಲಿ ಕುಮಾರಿ ನಿಂತಿದ್ದಾಳೆ.

ಪುಟ್ಟಬಸಮ್ಮ ಹೇಳಿ ಕಳಿಸಿದ್ದರಂತೆ. “ನಾನು ಅಂದದ್ದಕ್ಕೆ ನಾನೇ ಕರೀಬೇಕಲ್ವಾ,” ಅಂತ ಅವರು ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಬಂದರು. ಕುಮಾರಿ ನನ್ನ ಕಡೆ ನೋಡಲಿಲ್ಲ. ಗೋಡೆಗೆ ಒರಗಿ, ಕೈ ಕಟ್ಟಿ ನಿಂತಳು.

ನನಗೆ ಹನ್ನೆರಡು ವರ್ಷದಲ್ಲಿ ಇಂಥ ಹೆದರಿಕೆ ಆಗಿರಲಿಲ್ಲ. ಗಂಡು ಹೆಣ್ಣನ್ನು ಕೂರಿಸಿದೆ, ನಿಲ್ಲಿಸಿದೆ. ಅಪ್ಪ ಅಮ್ಮನನ್ನು ಕರೆದೆ. ಕಿಂಡಿಯಲ್ಲಿ ನೋಡಿದೆ, ಎರಡು ಮುಖ ಒಂದಾದವು, ಒತ್ತಿದೆ, ತಿರುಗಿಸಿದೆ, ಒತ್ತಿದೆ. ಒಂಬತ್ತು ತೆಗೆದೆ. ಹತ್ತನೆಯದಕ್ಕೆ ಕ್ಯಾಮೆರಾ ಕಣ್ಣಿಗೆ ಇಟ್ಟಾಗ ಗೋಡೆಯ ಕಡೆಯಿಂದ ದನಿ ಬಂತು.

“ಅತ್ತೆ. ಮುಚ್ಚುಳ.”

ಲೆನ್ಸಿನ ಮುಚ್ಚಳ ತೆಗೆದೇ ಇರಲಿಲ್ಲ. ನನ್ನ ಕ್ಯಾಮೆರಾದಲ್ಲಿ ಕಿಂಡಿ ಬೇರೆ, ಲೆನ್ಸು ಬೇರೆ. ಲೆನ್ಸಿಗೆ ಕತ್ತಲೆಯಿದ್ದರೂ ಕಿಂಡಿಯಲ್ಲಿ ಎಲ್ಲವೂ ಬೆಳಕಾಗಿಯೇ ಕಾಣುತ್ತದೆ. ಒಂಬತ್ತಕ್ಕೆ ಒಂಬತ್ತೂ ಹೋಗಿದ್ದವು.

ಪುಟ್ಟಬಸಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹುಡುಗಿ ನಕ್ಕಳು. ಕುಮಾರಿ ನಗಲಿಲ್ಲ. ಬಂದು ಮುಚ್ಚಳವನ್ನು ತಾನೇ ತೆಗೆದು ಕೈಯಲ್ಲಿಟ್ಟುಕೊಂಡಳು. ಫ್ಲಾಶನ್ನು ನನ್ನಿಂದ ಬಿಡಿಸಿಕೊಂಡು ಪಕ್ಕಕ್ಕೆ ಹಿಡಿದಳು. “ಅವ್ರಪ್ಪನ ಸ್ವಲ್ಪ ಇಂದಕ್ಕೆ ನಿಲ್ಸಿ, ಮಕಕ್ಕೆ ನೆಳ್ಳು ಬೀಳ್ತದೆ,” ಅಂದಳು. ನಿಲ್ಲಿಸಿದೆ. ಅವಳು ಹೇಳಿದ್ದೇ ಸರಿಯಾಗಿತ್ತು.

ಮೂವತ್ತಾರರ ರೋಲು ಮುಗಿಸಿ ಇನ್ನೊಂದು ಹಾಕಿದೆವು.

ಗುಂಡ್ಲುಪೇಟೆಗೆ ಒಂದೇ ಬಸ್ಸಿನಲ್ಲಿ ಬಂದೆವು. ಅವಳು ನನ್ನ ಪಕ್ಕ ಕೂರಲಿಲ್ಲ, ಮುಂದಿನ ಸೀಟಿನಲ್ಲಿ ಕೂತಳು. ಇಳಿದ ಮೇಲೆ ಚಾಮರಾಜನಗರದ ಬಸ್ಸಿಗೆ ಕಾಯುತ್ತ ನಿಂತಾಗ, ಎದುರಿನ ಬಸ್ಸುಗಳನ್ನು ನೋಡುತ್ತಲೇ ಹೇಳಿದಳು. “ಬುಧವಾರ ಮೈಸೂರ್ಗೆ ಓಯ್ತಿವ್ನಿ. ಎಸ್.ಎಲ್.ಆರ್. ತಗತೀನಿ. ಈ ಸರ್ತಿ ನನ್ ದುಡ್ಡಲ್ಲಿ.”

ನನಗಾದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಲ್ಲ.

“ಜೂಮ್ ಲೆನ್ಸು ತೋರಿಸ್ತಾರೆ, ತಗೋಬೇಡ,” ಅಂದೆ. “ಐವತ್ತು ಎಂ.ಎಂ. ಲೆನ್ಸೇ ಸಾಕು, ಮನೆಯೊಳಗೆ ಬೆಳಕು ಕಮ್ಮಿ ಇದ್ದರೂ ತೆಗೀಬಹುದು. ಎಲ್ಲಾ ಅದೇ ಮಾಡ್ಕೊಳ್ಳೋ ಕ್ಯಾಮೆರಾ ಬೇಡ. ದುಡ್ಡು ಕೊಡೋಕೆ ಮೊದಲು ಅಂಗಡಿಯವನ ಎದುರಿಗೇ ಒಂದು ರೋಲು ತೆಗೆದು ಚಿಕ್ಕಬಸವಯ್ಯನವರ ಹತ್ತಿರ ತೊಳೆಸಿ ನೋಡು. ಡಿಜಿಟಲ್ ಮಾರಬೇಡ, ಕಚೇರಿ ಕೆಲಸಕ್ಕೆ ಅದೇ ಬೇಕು. ನನ್ನ ಮಾತು ಹೇಗಾದರೂ ಇರಲಿ. ಚಿಕ್ಕಬಸವಯ್ಯನವರನ್ನೂ ಒಂದು ಸಲ ಕೇಳು.”

“ಕೇಳ್ತೀನಿ,” ಅಂದಳು.

ಬಸ್ಸು ಬಂತು. ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದಳು.

“ನೀವೂ ಬನ್ನಿ ಬುಧವಾರ.”

“ನನ್ನ ಮೇಲೆ ನಂಬಿಕೆ ಇದೆಯಾ ಕುಮಾರಿ?”

“ಇಲ್ಲ,” ಅಂದಳು. “ಆದ್ರೂ ಬನ್ನಿ ಅತ್ತೆ. ಎಂಟೂವರೆ ಬಸ್ಗೆ.”

‘ಬುಧವಾರ ಸ್ಟುಡಿಯೋಕ್ಕೆ ರಜ’ ಅಂತ ರಟ್ಟಿನ ಮೇಲೆ ಬರೆದು ಬಾಗಿಲಿಗೆ ಈಗಲೇ ಕಟ್ಟಿ ಬಂದಿದ್ದೇನೆ. ನಮ್ಮನೆಯವರು ಅದನ್ನು ಓದಿ, “ಇನ್ನೂ ಮೂರು ದಿನ ಅದಲ್ಲಮ್ಮಿ,” ಅಂದರು.